ಕದಡಿದ ಕಟ್ಟು

ಕಾಳು ಬೇಯಿಸಿದ ನೀರನ್ನು ನನ್ನ ಹೆಂಡತಿ ಎಂದೂ ಚೆಲ್ಲಿದವಳಲ್ಲ. ಆ ಕಟ್ಟನ್ನು ಸೋಸಿ, ಚಿಟಿಕೆ ಉಪ್ಪು ಹಾಕಿ, ಲೋಟಕ್ಕೆ ಬಗ್ಗಿಸಿ, "ಸತ್ವವೆಲ್ಲ ಇದರಲ್ಲೇ ಇಳಿದಿರುತ್ತೆ. ಮೂಗು ಮುರೀದೆ ಕುಡೀರಿ" ಎಂದು ನಮ್ಮ ಮುಂದೆ ಇಡುತ್ತಿದ್ದಳು. ನಾನು ತೆಪ್ಪಗೆ ಕುಡಿಯುತ್ತಿದ್ದೆ. ಮಗಳು ಮಾತ್ರ "ಸತ್ವ ಇದೆ ಅನ್ನೋಕೆ ಏನು ಸಾಕ್ಷಿ?" ಎಂದು ಜಗಳಕ್ಕೆ ನಿಲ್ಲುತ್ತಿದ್ದಳು. ಎಲ್ಲದಕ್ಕೂ ಹೀಗೆ ಸಾಕ್ಷಿ ಕೇಳಿ ಕೇಳಿ ಮನೆಯಲ್ಲಿ ಅವಳ ಹೆಸರು ಲಾಯರಮ್ಮ ಎಂದೇ ಆಯಿತು.

ಲಾಯರಮ್ಮ ಕೋರ್ಟಿಗೆ ಹೋಗಲಿಲ್ಲ, ಪ್ರಯೋಗಶಾಲೆಗೆ ಹೋದಳು. ಹೆಚ್ಚಿಟ್ಟ ಸೇಬು ಗಾಳಿ ತಾಗಿ ಕಂದಾಗುತ್ತದಲ್ಲ, ಅಂಥ ಕೆಡುಕನ್ನು ತಡೆಯುವ ಆಂಟಿಆಕ್ಸಿಡೆಂಟ್ ಎಂಬ ವಸ್ತುಗಳು ಕಾಳು, ಸೊಪ್ಪು, ಹಣ್ಣುಗಳಲ್ಲಿ ಎಷ್ಟಿವೆ ಎಂದು ಬೆಳಕಿನ ಸಹಾಯದಿಂದ ಅಳೆಯುವುದು ಅವಳ ಕೆಲಸ. ತಾಯಿಗೆ ಕಾಯಿಲೆ ಎಂದು ತಿಳಿದ ವರ್ಷವೇ ಕಾಳಿನ ಕಟ್ಟನ್ನು ಸಂಶೋಧನೆಗೆ ಎತ್ತಿಕೊಂಡಳು. ಕಾಳಿಗಿಂತ ಕಟ್ಟಿನಲ್ಲೇ ಆ ವಸ್ತು ಹೆಚ್ಚು ಎಂದು ಕಂಡ ದಿನ ಆಸ್ಪತ್ರೆಗೆ ಓಡಿ ಬಂದು, "ಅಮ್ಮ, ನೀನೇ ಗೆದ್ದೆ" ಎಂದಳು. ನನ್ನವಳು ದಿಂಬಿನ ಮೇಲೆಯೇ ತಲೆ ಹೊರಳಿಸಿ ನನ್ನನ್ನು ನೋಡಿ, "ಕೇಳಿಸ್ತಾ?" ಎಂದಳು. ಆಮೇಲೆ ಅವಳು ಬಹಳ ದಿನ ಉಳಿಯಲಿಲ್ಲ. ದೇವರು ತನ್ನವಳನ್ನು ತಾನು ಕರೆದುಕೊಂಡ. ಅವನೊಡನೆ ನನಗೆ ವಾದವಿಲ್ಲ. ಆದರೂ ಬೆಳಗಿನ ಪ್ರಾರ್ಥನೆಗೆ ಕುಳಿತಾಗ ಪಕ್ಕದ ಖಾಲಿ ಜಾಗದ ಕಡೆಗೆ ಕಣ್ಣು ತಾನಾಗಿ ಹೋಗುತ್ತದೆ.

ಮಗಳು ಪರೀಕ್ಷಕರ ಮುಂದೆ ತನ್ನ ಕೆಲಸವನ್ನು ಮಂಡಿಸುವ ದಿನ ಗೊತ್ತಾಯಿತು. ಅಂದು ಒಪ್ಪಿಗೆಯಾದರೆ ಡಾಕ್ಟರೇಟು. ಅದರ ಹಿಂದೆಯೇ ಅದೇ ಸಂಸ್ಥೆಯಲ್ಲಿ ನೌಕರಿ. ಹಿಂದಿನ ದಿನ ಮಧ್ಯಾಹ್ನ ನಾನು ಊಟದ ಡಬ್ಬಿ ಹಿಡಿದು ಪ್ರಯೋಗಶಾಲೆಗೆ ಹೋದೆ.

"ಕೂತ್ಕೊ ಅಪ್ಪ. ನಾಳೆ ಏನೂ ತಿಳೀದೆ ಆಕಳಿಸಿ ನನ್ನ ಮಾನ ಕಳೀಬೇಡ. ಇವತ್ತೇ ಪಾಠ ಹೇಳಿಬಿಡ್ತೀನಿ."

"ಹೇಳಮ್ಮ. ಫೀಸು ಡಬ್ಬಿಯಲ್ಲಿದೆ."

ಬೆಳಕಿನಿಂದ ಅಳೆಯುವ ಯಂತ್ರವು ಹೊಲಿಗೆ ಯಂತ್ರದ ಪೆಟ್ಟಿಗೆಯಷ್ಟಿತ್ತು. ಇಡೀ ವಿಭಾಗಕ್ಕೆ ಅದೊಂದೇ. ಬಳಸಲು ಎಲ್ಲರೂ ಸರದಿ ಕಾಯಬೇಕು. ಅದರೊಳಗೆ ಬೆರಳುದ್ದದ ಚೌಕ ಗಾಜಿನ ಕೊಳವೆಯನ್ನಿಡುತ್ತಾರೆ. ಒಂದು ಬದಿಯಿಂದ ಬೆಳಕು ಹೊಕ್ಕರೆ, ಎಷ್ಟು ಹೊರಬಿತ್ತೆಂದು ಇನ್ನೊಂದು ಬದಿ ಅಳೆಯುತ್ತದೆ. ಕಟ್ಟಿಗೆ ಒಂದು ಹಳದಿ ದ್ರಾವಣ ಬೆರೆಸಿದರೆ, ಆಂಟಿಆಕ್ಸಿಡೆಂಟ್ ಇದ್ದಷ್ಟೂ ಅದು ನೀಲಿಯಾಗುತ್ತದೆ. ನೀಲಿ ದಟ್ಟವಾದಷ್ಟೂ ಬೆಳಕು ಒಳಗೇ ಉಳಿಯುತ್ತದೆ, ಅಂಕಿ ಏರುತ್ತದೆ.

"ಮೊದಲು ದ್ರಾವಣ ಹಾಕದ ಬರೀ ಕಟ್ಟು. ಅಂಕಿ ಸೊನ್ನೆ ಹತ್ರಾನೇ ಇರುತ್ತೆ, ನೋಡ್ತಿರು" ಎಂದು ಫ್ರಿಜ್ಜಿನಿಂದ ಬಾಟಲಿ ತೆಗೆದು, ಕೊಳವೆಗೆ ಹಾಕಿ, ಮುಚ್ಚಳ ಮುಚ್ಚಿದಳು.

ಅಂಕಿ ಸೊನ್ನೆಯ ಹತ್ತಿರವಿರಲಿಲ್ಲ. ಗಾಜು ಒರೆಸಿ ಮತ್ತೆ ಇಟ್ಟಳು. ಅದೇ ಅಂಕಿ.

"ಏನಮ್ಮ, ನಿನ್ನ ಯಂತ್ರಕ್ಕೂ ನಾಳೆಯ ಭಯವೇ?" ಎಂದೆ. ಅವಳು ನಗಲಿಲ್ಲ. ಕೊಳವೆಯನ್ನು ಕಿಟಕಿಗೆ ಹಿಡಿದು ನೋಡಿದಳು. ಹಾಲಿನ ಹನಿ ಬಿದ್ದಂತೆ ಕಟ್ಟು ಮಬ್ಬಾಗಿತ್ತು. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿದಳು. ಮಬ್ಬು ಕರಗಿ ತಿಳಿಯಾಯಿತು. ಈಗ ಯಂತ್ರದಲ್ಲಿಟ್ಟರೆ ಅಂಕಿ ಇಳಿಯಿತು. ಅವಳು ಸ್ಟೂಲಿನ ಮೇಲೆ ಕುಸಿದಳು.

"ಕೆಟ್ಟೆ ಅಪ್ಪ. ಬರೀ ಕಟ್ಟನ್ನ ಒಲೆಯಿಂದ ಇಳಿಸಿದ ಕೂಡಲೇ ಅಳೆದಿದ್ದೆ. ದ್ರಾವಣ ಬೆರೆಸಬೇಕಾದ ಕಟ್ಟನ್ನ ಮಾತ್ರ ಸರದಿ ಬರೋವರೆಗೂ ಫ್ರಿಜ್ಜಲ್ಲಿಟ್ಟಿದ್ದೆ. ತಣ್ಣಗಾಗಿ ಕದಡಿದೆ. ಕದಡೂ ಬೆಳಕನ್ನ ತಡೆದಿದೆ. ಯಂತ್ರ ಪಾಪ, ಅದನ್ನೂ ನೀಲಿ ಅಂತಲೇ ಎಣಿಸಿದೆ. ಕಾಳನ್ನೇ ಅರೆದು ತೆಗೆದ ರಸಕ್ಕೆ ಈ ಗೋಳಿಲ್ಲ, ಅದು ಕದಡಲ್ಲ. ಅದಕ್ಕೇ ಕಟ್ಟಿನ ಅಂಕಿ ಮೇಲೆ ಕಂಡಿದೆ."

ಊಟದ ಡಬ್ಬಿ ಮುಚ್ಚಿದಂತೆಯೇ ಇತ್ತು. ಸಂಜೆಯ ಹೊತ್ತಿಗೆ ಎಲ್ಲವನ್ನೂ ಬಿಸಿಯಲ್ಲೇ ಮತ್ತೆ ಅಳೆದಳು. ಕಟ್ಟಿನಲ್ಲಿ ಸತ್ವವಿತ್ತು, ಆದರೆ ಕಾಳಿನಲ್ಲಿರುವುದರ ಅರ್ಧವೂ ಇರಲಿಲ್ಲ.

ಅವಳ ಗೈಡ್ ಮೇಡಂ ಬಂದರು. ಒಳ್ಳೆಯ ಹೆಂಗಸು, ಆಸ್ಪತ್ರೆಯ ದಿನಗಳಲ್ಲಿ ನನ್ನ ಮಗಳಿಗೆ ತುತ್ತು ಹಾಕಿದವರು. ಎಲ್ಲ ಕೇಳಿ ಹಣೆ ಒತ್ತಿಕೊಂಡರು. "ಉಳಿದ ಅಧ್ಯಾಯಗಳು ಗಟ್ಟಿಯಾಗಿವೆ. ಇದೊಂದು ತಾನೆ? ನಾಳೆ ಇದ್ದದ್ದನ್ನೇ ಹೇಳಿ ಮುಗಿಸು, ಆಮೇಲೆ ತಿದ್ದೋಣ. ಪರೀಕ್ಷಕರೇನು ಫ್ರಿಜ್ ತೆಗೆದು ನೋಡ್ತಾರಾ? ಆ ನೌಕರಿ ನಿನಗೋಸ್ಕರ ಕಾದು ಕೂರಲ್ಲ ಕಣೇ."

ಅವರು ಹೋದ ಮೇಲೆ ಮಗಳು ನನ್ನ ಕಡೆ ತಿರುಗಿದಳು. "ನೌಕರಿ ಹೋದ್ರೆ ಹೋಗ್ಲಿ. ಅಮ್ಮ ಸೋತಳು ಅಂತ ನಾನೇ ನಿಂತು ಹೇಳ್ಬೇಕಲ್ಲ ಅಪ್ಪ."

ಆ ಆಸ್ಪತ್ರೆಯ ದಿನಗಳಲ್ಲಿ ನೆನೆಯಲು ಸಿಹಿಯಾದದ್ದು ನನಗೂ ಅವಳ ಆ ಗೆಲುವೊಂದೇ ಉಳಿದಿತ್ತು. "ಅವಳಿದ್ದಿದ್ರೆ ನಿನ್ನ ಜೊತೆ ಇನ್ನೊಂದು ಸುತ್ತು ಜಗಳ ಆಡಿರೋಳು. ಸೋತೆ ಅಂತ ಮಾತ್ರ ಒಪ್ತಿರ್ಲಿಲ್ಲ. ನೀನು ಹೇಳು" ಎಂದೆ.

ಮರುದಿನ ಸಭಾಂಗಣ ತುಂಬಿತ್ತು. ಪರೀಕ್ಷಕರಲ್ಲಿ ಹಿರಿಯರು ಬೋಳುತಲೆಯವರು; ಬಂದಾಗಿನಿಂದ ಮುಖ ಸಡಿಲಿಸಿರಲಿಲ್ಲ. ಮಗಳು ಕಟ್ಟಿನ ಅಧ್ಯಾಯಕ್ಕೆ ಬಂದವಳು ಪರದೆಯ ಮೇಲಿನ ಚಿತ್ರವನ್ನು ತೋರಿಸಿ, "ಇದು ತಪ್ಪು. ತಪ್ಪು ನನ್ನದು" ಎಂದಳು. ಒಂದೇ ಪಾತ್ರೆಯ ಕಟ್ಟನ್ನು ಎರಡು ಕೊಳವೆಗಳಲ್ಲಿ ತಂದಿದ್ದಳು, ಒಂದು ತಣ್ಣಗೆ, ಒಂದು ಬಿಸಿ. ಅವುಗಳನ್ನು ಪರೀಕ್ಷಕರ ಕೈಗೇ ಕೊಟ್ಟಳು.

ಹಿರಿಯರು ಕೊಳವೆಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನೀವಾಗಿ ಹೇಳದೆ ಇದ್ದಿದ್ರೆ ಇದು ನಮಗೆ ಗೊತ್ತಾಗ್ತಿರ್ಲಿಲ್ಲ."

"ಇಲ್ಲ ಸರ್. ಆದರೆ ಇದನ್ನ ಓದಿ ಯಾರಾದ್ರೂ ಕಾಳು ಬಿಟ್ಟು ನೀರು ಕುಡೀತಿದ್ರು."

ಸಭೆಯಲ್ಲಿ ಯಾರೋ ನಕ್ಕರು. ಹಿರಿಯರು ನಗಲಿಲ್ಲ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ನಮ್ಮನ್ನೆಲ್ಲ ಹೊರಗೆ ಕಳಿಸಿ, ತಮ್ಮೊಳಗೆ ಮಾತಾಡಿ, ಮತ್ತೆ ಕರೆದರು. ಆ ಅಧ್ಯಾಯವನ್ನು ಮೊದಲಿನಿಂದ ಅಳೆದು ಬರೆಯಬೇಕು, ಅಲ್ಲಿಯವರೆಗೆ ಡಾಕ್ಟರೇಟಿಲ್ಲ. ಅಂದ ಮೇಲೆ ನೌಕರಿಯೂ ಬೇರೆಯವರ ಪಾಲು. ತೀರ್ಪು ಓದಿದ ಹಿರಿಯರು ಎದ್ದು ನಿಂತು, "ಮುಂದಿನ ಸಲವೂ ನಾನೇ ಬರ್ತೀನಮ್ಮ. ಬೇರೆಯವರಿಗೆ ಬಿಟ್ಟುಕೊಡಲ್ಲ" ಎಂದರು. ಮೇಡಂ ಕಣ್ಣೊರೆಸಿಕೊಳ್ಳುತ್ತಿದ್ದರು.

ಮಗಳಿಗೆ ಚಹಾ ತರಲೆಂದು ನಾನು ಕ್ಯಾಂಟೀನಿಗೆ ಹೋದೆ. ಕ್ಯಾಂಟೀನಿನವನು ಕೇಳಿದ, "ಏನ್ ಯಜಮಾನ್ರೇ, ಮಗಳದ್ದು ಏನಾಯ್ತು?"

"ಡಾಕ್ಟರೇಟ್ ಮುಂದಕ್ಕೆ ಹೋಯ್ತಪ್ಪ! ನೌಕರೀನೂ ಕೈತಪ್ಪಿತು!"

ಅದನ್ನು ನಾನು ಯಾವ ಧ್ವನಿಯಲ್ಲಿ ಹೇಳಿದೆನೋ, ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ತಬ್ಬಿಬ್ಬಾಗಿ, ಕೈ ಒರೆಸಿಕೊಂಡು ಮುಂದೆ ಚಾಚಿ, "ಬಹಳ ಸಂತೋಷ ಸ್ವಾಮಿ" ಎಂದ. ನಾನು ಅವನ ಕೈ ಹಿಡಿದು ಚೆನ್ನಾಗಿ ಕುಲುಕಿದೆ.

"ಅಪ್ಪ, ಸ್ವಲ್ಪ ಮೆತ್ತಗೆ" ಎಂದು ನನ್ನ ಹಿಂದೆಯೇ ಬಂದಿದ್ದ ಮಗಳು ಅಂಗಿ ಜಗ್ಗಿದಳು.

"ಯಾಕೆ ಮೆತ್ತಗೆ?" ಎಂದವನೇ, ಪಕ್ಕದ ಮೇಜಿನಲ್ಲಿದ್ದ ಅಪರಿಚಿತರಿಗೂ ವಿಷಯವನ್ನು ಮೊದಲಿನಿಂದ ಹೇಳತೊಡಗಿದೆ.