ಹಿಮದ ಮನೆಗೆ ಮೂಗಿರಲಿ

ಚಳಿಗಾಲ ಮುಗಿಯುವುದರೊಳಗೆ ಭೂಮಿಯ ಉತ್ತರ ತುದಿಯ ನಮ್ಮೂರಿನವರು ಯಾರಾದರೂ ಬಿರುಗಾಳಿಗೆ ಸಿಕ್ಕಿಹಾಕಿಕೊಳ್ಳದ ವರ್ಷವೇ ಇಲ್ಲ. ಮೀನಿಗೆಂದು ಹೊರಟಿರುತ್ತಾರೆ, ಹಿಮಗಾಡಿ ಕೆಟ್ಟು ನಿಲ್ಲುತ್ತದೆ, ಗಾಳಿ ಏಳುತ್ತದೆ, ಟೆಂಟು ಹರಿದು ಹಾರುತ್ತದೆ. ಆಗ ಕೈ ಹಿಡಿಯುವುದು ಹಿಮದ ಗಟ್ಟಿಗಳನ್ನು ಗುಮ್ಮಟದಂತೆ ಏರಿಸಿ ಕಟ್ಟುವ ಹಿಮದ ಮನೆಯೊಂದೇ. ಅದಕ್ಕೇ ಅತಾಗು ದೊಡ್ಡಮ್ಮ ಪ್ರತಿ ಶನಿವಾರ ಶಾಲೆಯ ಹಿಂದಿನ ಬಯಲಿನಲ್ಲಿ ಹಿಮದ ಮನೆ ಕಟ್ಟುವುದನ್ನು ಹೇಳಿಕೊಡುತ್ತಾಳೆ. ವಯಸ್ಸು ಎಪ್ಪತ್ತಾರು, ಬಾಯಿ ಮಾತ್ರ ಇಪ್ಪತ್ತರದ್ದು.

ಅವಳ ತಂಗಿಯ ಮಗಳು ಕೌನಾಕ್‌ಗೆ ಈ ಪಾಠವೆಂದರೆ ತಾತ್ಸಾರ. ಚಿಕ್ಕಂದಿನಲ್ಲಿ ಅಪ್ಪ ಒಳಗೆ ನಿಂತು ಹಿಮದ ಗಟ್ಟಿಗಳನ್ನು ಜೋಡಿಸುವಾಗ, ಹೊರಗಿನಿಂದ ಸಂದುಗಳಿಗೆ ಹುಡಿಹಿಮ ಮೆತ್ತುತ್ತಿದ್ದವಳು ಅವಳು. ಊರಿನಲ್ಲಿ ಅವಳಷ್ಟು ಚೆನ್ನಾಗಿ ಸಂದು ಮುಚ್ಚುವವರಿಲ್ಲ. ಆ ಜಂಬ ಅವಳಿಗಿತ್ತು, ಸುಳ್ಳೇಕೆ ಹೇಳಲಿ.

"ಕೌನಾಕ್, ಈ ಮನೆಗೆ ಮೂಗೆಲ್ಲೇ?" ಎಂದಳು ದೊಡ್ಡಮ್ಮ ಒಂದು ಶನಿವಾರ. ಮೂಗೆಂದರೆ ಮಾಡಿನ ಹತ್ತಿರ ಕೊರೆಯುವ ಗಾಳಿತೂತು.

"ಮೂಗಿದ್ರೆ ಶೀತ ಆಗುತ್ತೆ ದೊಡ್ಡಮ್ಮ! ಸ್ಟೌ ಹಚ್ಚಿ ಬಿಸಿ ಮಾಡೋದು, ಆ ಬಿಸೀನ ತೂತಿಂದ ಆಚೆ ಕಳ್ಸೋದು, ಇದ್ಯಾವ ಜಾಣತನ?"

"ಸ್ಟೌ ಉರಿಯೋ ಕಡೆ ವಿಷಗಾಳಿ ಹುಟ್ಟುತ್ತೆ ಕಣೇ. ಅದಕ್ಕೆ ವಾಸ್ನೆ ಇಲ್ಲ, ಬಣ್ಣ ಇಲ್ಲ. ನಿಂಗೊತ್ತಾಗೋ ಹೊತ್ತಿಗೆ ಕೈಕಾಲು ಬಿದ್ದೋಗಿರುತ್ತೆ."

"ನಮ್ಮಪ್ಪ ಕಟ್ಟಿದ ಮನೇಲಿ ಯಾರೂ ಸತ್ತಿಲ್ವಲ್ಲ!"

"ನಿಮ್ಮಪ್ಪ ಕೊನೇಲಿ ಒಳಗಿಂದ ಮೂಗು ಕೊರೀತಿದ್ದ. ನೀನು ಅಷ್ಟೊತ್ತಿಗೆ ಜಾರಾಟ ಆಡೋಕೆ ಓಡಿರ್ತಿದ್ದೆ. ನೋಡಿದ್ದೆಲ್ಲಿ ನೀನು?"

ಎಲ್ಲರೂ ನಕ್ಕರು. ಕೌನಾಕ್ ಮುಖ ಊದಿಸಿಕೊಂಡಳು.

ಏಪ್ರಿಲ್‌ನಲ್ಲಿ, ಚಳಿಗಾಲ ಇನ್ನೂ ಮುಗಿಯದಿರುವಾಗ, ಅವಳೂ ಗಂಡ ಜೇಪಿಟಿಯೂ ಹೆಪ್ಪುಗಟ್ಟಿದ ದೊಡ್ಡ ಕೆರೆಗೆ ಮೀನು ಹಿಡಿಯಲು ಹೋದರು. ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದು, ಮುಂದೆ ಚಾಚಿದ ಕೈಯೂ ಕಾಣದಾಯಿತು. ಜೇಪಿಟಿ ಉಪಗ್ರಹ ಯಂತ್ರದಲ್ಲಿ ಸುದ್ದಿ ಕಳಿಸಿದ. ಗಾಳಿ ನಿಲ್ಲುವ ತನಕ ಯಾರೂ ಬರಲಾಗದು, ಇದ್ದಲ್ಲೇ ಇರಿ ಎಂದು ಊರಿನಿಂದ ಉತ್ತರ ಬಂತು.

ಜೇಪಿಟಿ ಕೋಲು ಚುಚ್ಚಿ ಚುಚ್ಚಿ ಗಟ್ಟಿಯಾದ, ಪದರವಿಲ್ಲದ ಹಿಮ ಹುಡುಕಿದ. ಗಟ್ಟಿಗಳನ್ನು ಕೊಯ್ದು ಸುತ್ತಲೂ ಒಳಗೆ ವಾಲಿಸಿ ಏರಿಸಿದ. ಬಾಗಿಲನ್ನು ತಗ್ಗಿನಲ್ಲಿಟ್ಟು, ಮಲಗುವ ಜಗಲಿಯನ್ನು ಎತ್ತರಿಸಿದ. ಒಳಗಿನಿಂದ ಮುಷ್ಟಿಗಾತ್ರದ ಮೂಗು ಕೊರೆದ. ಎಲ್ಲವೂ ದೊಡ್ಡಮ್ಮ ಹೇಳಿದಂತೆಯೇ ಆಯಿತು. ಬಾಗಿಲಿಗೆಂದು ಕೊನೆಯ ಗಟ್ಟಿ ಕೊಯ್ಯಲು ಹೊರಬಂದವನು ಹಿಮ ಕೊಯ್ಯುವ ಕತ್ತಿಯನ್ನು ಮಾತ್ರ ಹೊರಗೇ ಮರೆತ.

ಹೊರಗೆ ಸಂದು ಮೆತ್ತುತ್ತಿದ್ದ ಕೌನಾಕ್ ಆ ತೂತನ್ನು ಕಂಡಳು. ಎರಡು ಹಿಡಿ ಹಿಮ ತುರುಕಿ ಅಂಗೈಯಿಂದ ತಟ್ಟಿದಳು.

"ಮೂಗು ಮುಚ್ಚಿದ್ಯಾ?" ಅವಳು ಒಳಗೆ ಬಂದಾಗ ಜೇಪಿಟಿ ಕೇಳಿದ.

"ಹೂಂ. ನಡುಗ್ತಾ ಕೂರೋಕಾ ಮನೆ ಕಟ್ಟಿದ್ದು?"

ಅವನಿಗೆ ವಾದ ಮಾಡುವ ತ್ರಾಣವಿರಲಿಲ್ಲ. "ಆಯ್ತು ಮಾರಾಯ್ತಿ, ಟೀ ಇಡು" ಎಂದು ಬಾಗಿಲಿಗೂ ಗಟ್ಟಿ ಇಟ್ಟ.

ಸ್ಟೌ ಹೊತ್ತಿತು. ಟೀ ಕುದಿಯಿತು. ಒಳಗೋಡೆ ಕರಗಿ ಮತ್ತೆ ಹೆಪ್ಪುಗಟ್ಟಿ ಗಾಜಿನಂತಾಯಿತು. ಒಂದು ಎಳೆ ಗಾಳಿಯೂ ಬರುತ್ತಿಲ್ಲವೆಂದು ಕೌನಾಕ್ ಬೀಗಿದಳು.

"ತಲೆ ಸಿಡೀತಿದೆ" ಎಂದ ಜೇಪಿಟಿ. ಅವಳಿಗೂ ಸಿಡಿಯುತ್ತಿತ್ತು. ದಣಿವು ಅಂದುಕೊಂಡಳು. ಅವನು ಒಮ್ಮೆ ವಾಂತಿ ಮಾಡಿಕೊಂಡ. ಮಾತು ತೊದಲಿತು. ಆಮೇಲೆ ಪಕ್ಕಕ್ಕೆ ಉರುಳಿ ಬಿದ್ದ.

ಕೌನಾಕ್ ನಕ್ಕುಬಿಟ್ಟಳು! ಸತ್ತ ಸೀಲ್ ಪ್ರಾಣಿಯಂತೆ ನಾಟಕವಾಡಿ ಮಕ್ಕಳನ್ನು ನಗಿಸುವುದು ಅವನ ಹಳೇ ಚಾಳಿ.

"ಸಾಕು ಏಳು, ನಿನ್ನ ನಾಟಕ" ಎಂದು ಕಾಲಿನಿಂದ ತಿವಿದಳು. ಅವನು ಏಳಲಿಲ್ಲ. ಅವನ ಮುಖವನ್ನು ತನ್ನತ್ತ ತಿರುಗಿಸಿದಳು. ಕಣ್ಣು ಅರೆತೆರೆದಿತ್ತು, ಅದರಲ್ಲಿ ಅವನಿರಲಿಲ್ಲ.

ಅವಳು ಸ್ಟೌ ಕಡೆ ನೋಡಿದಳು. ಸ್ಟೌ ಚೆನ್ನಾಗಿಯೇ ಉರಿಯುತ್ತಿದೆ, ಹೊಗೆಯಿಲ್ಲ, ವಾಸನೆಯಿಲ್ಲ. ವಾಸನೆಯಿಲ್ಲ! ದೊಡ್ಡಮ್ಮ ಹೇಳಿದ್ದು ಇದನ್ನೇ. ಇದು ನನ್ನ ಕೈಯಾರೆ ಆದದ್ದು ಎಂದು ತಿಳಿದ ಆ ಗಳಿಗೆಯನ್ನು ಕೌನಾಕ್ ಇಂದಿಗೂ ಮರೆತಿಲ್ಲ.

ಸ್ಟೌ ಆರಿಸಿದಳು. ಎದ್ದು ನಿಲ್ಲಹೋದರೆ ಮೊಣಕಾಲು ಕುಸಿಯಿತು. ಬಾಗಿಲ ಗಟ್ಟಿಯನ್ನು ತಳ್ಳಿದಳು, ಅಲುಗಲಿಲ್ಲ. ಕತ್ತಿ ಹೊರಗಿತ್ತು. ಚೀಲದಲ್ಲಿ ಮೀನು ಸೀಳುವ ಅವಳ ಬಾಗುಚೂರಿ ಸಿಕ್ಕಿತು. ಗೋಡೆ ಹಿಡಿದು ತೆವಳಿ ಎದ್ದು, ಮೂಗನ್ನು ಮುಚ್ಚಿದ್ದ ಕಡೆ ಕುಕ್ಕಿದಳು. ಚೂರಿ ಜಾರಿತು. ಅವಳೇ ತಟ್ಟಿ ತಟ್ಟಿ ಮುಚ್ಚಿದ್ದು ಈಗ ಕಲ್ಲಾಗಿತ್ತು. ಊರೆಲ್ಲ ಹೊಗಳಿದ ಕೈಗೆಲಸವನ್ನು ಅಳುತ್ತಾ, ಬೈಯುತ್ತಾ ಕೆತ್ತಿದಳು. ಕೊನೆಗೆ ತಣ್ಣನೆಯ ಗಾಳಿ ಮುಖಕ್ಕೆ ರಾಚಿತು. ಉಸಿರು ತಿರುಗಿದ ಮೇಲೆ ಬಾಗಿಲ ಗಟ್ಟಿಯನ್ನು ಒದ್ದು ಕೆಡವಿ, ಗಂಡನ ತಲೆಯನ್ನು ಹೊರಗಾಳಿಗೆ ಎಳೆದು ತಂದಳು. ಹೆಸರು ಹಿಡಿದು ಕೂಗಿದಳು, ಕೆನ್ನೆಗೆ ಬಾರಿಸಿದಳು.

ಎಷ್ಟೋ ಹೊತ್ತಿನ ಮೇಲೆ ಅವನು ಕೆಮ್ಮಿದ.

"ದೊಡ್ಡಮ್ಮಂಗೆ... ಹೇಳ್ಬೇಡ" ಎಂದ.

ಮರುದಿನ ಹುಡುಕುವವರು ಬಂದು ಕರೆದೊಯ್ದರು. ಆರೋಗ್ಯ ಕೇಂದ್ರದ ನರ್ಸ್ ಇಬ್ಬರಿಗೂ ಆಮ್ಲಜನಕ ಕೊಟ್ಟಳು. "ಇನ್ನು ಸ್ವಲ್ಪ ಹೊತ್ತು ಹಾಗೇ ಇದ್ದಿದ್ರೆ ನೀವಿಬ್ರೂ ನಂಗೆ ಸಿಕ್ತಿರ್ಲಿಲ್ಲ" ಎಂದಳು.

ಹೇಳಬೇಡವೆಂದರೂ ಅವಳು ಹೇಳಿದಳು. ಮುಂದಿನ ಶನಿವಾರ ಎಲ್ಲರೆದುರು ನಿಂತು, ಒಂದನ್ನೂ ಮುಚ್ಚಿಡದೆ ಹೇಳಿದಳು. ದೊಡ್ಡಮ್ಮ ಬೈಯುತ್ತಾಳೆಂದು ಕಾದರೆ ಅವಳು ಬೈಯಲಿಲ್ಲ. ಹೊಸದಾಗಿ ಕಟ್ಟಿದ ಮನೆಯೊಳಗೆ ಜೇಪಿಟಿಯನ್ನು ಕೂರಿಸಿ, ಕೌನಾಕ್‌ಗೆ "ಕೈ ಹಾಕು" ಎಂದಳು. ಕೌನಾಕ್ ಹೊರಗಿನಿಂದ ಮೂಗಿನೊಳಗೆ ಕೈ ತೂರಿಸಿದಳು. ಒಳಗಿನಿಂದ ಗಂಡನ ಬೆಚ್ಚನೆಯ ಬೆರಳುಗಳು ಅದನ್ನು ಹಿಡಿದುಕೊಂಡವು. ಬಹಳ ಹೊತ್ತು ಇಬ್ಬರೂ ಬಿಡಲಿಲ್ಲ.

ಹೊರಗೆ ಹೋಗುವ ಅಣ್ಣಂದಿರೇ, ಅಕ್ಕಂದಿರೇ, ಹಿಮದ ಮನೆ ಕಟ್ಟಿದರೆ ನೀವೂ ಹೀಗೇ ಮಾಡಿ. ಒಳಗಿನವರೂ ಹೊರಗಿನವರೂ ಮೂಗಿನಲ್ಲಿ ಕೈ ಹಿಡಿದು ನೋಡದೆ ಸ್ಟೌ ಹಚ್ಚಬೇಡಿ. ಬಿರುಗಾಳಿ ಅದನ್ನು ಮುಚ್ಚುತ್ತಲೇ ಇರುತ್ತದೆ, ಆಗಾಗ ಕೋಲು ತೂರಿಸಿ ಬಿಡಿಸಿ. ಕತ್ತಿಯನ್ನು ಒಳಗೇ ಇಟ್ಟುಕೊಳ್ಳಿ. ಅಡುಗೆ ಮುಗಿದೊಡನೆ ಸ್ಟೌ ಆರಿಸಿ, ಉರಿಯಬಿಟ್ಟು ಮಲಗಬೇಡಿ. ತಲೆ ಸಿಡಿದರೆ, ಹೊಟ್ಟೆ ತೊಳಸಿದರೆ ದಣಿವೆಂದು ಸುಮ್ಮನಿರದೆ ಮೊದಲು ಹೊರಗೆ ಬನ್ನಿ. ಚಳಿ ಬರುತ್ತದೆ, ಬರಲಿ. ಜೊತೆಗೆ ಹೋದವರು ಜೊತೆಗೇ ಮನೆಗೆ ಬರಬೇಕು.