ನೀಲಿ ಫೋನು ತೆರೆದ ಕಣ್ಣು

ನನ್ನ ಹಳೆಯ ಫೋನಿನ ಬ್ಯಾಟರಿ ಉಬ್ಬಿ, ಬೆನ್ನಿನ ಮುಚ್ಚಳ ಬಾಯಿ ಬಿಟ್ಟಿತ್ತು. ರಬ್ಬರ್ ಬ್ಯಾಂಡ್ ಸುತ್ತಿ ಎರಡು ತಿಂಗಳು ದಬ್ಬಿದೆ. “ಅಪ್ಪ, ಅದು ಫೋನಲ್ಲ, ಬಾಂಬು. ಒಂದಿನ ಜೇಬಲ್ಲೇ ಢಂ ಅನ್ನುತ್ತೆ ನೋಡು” ಎಂದು ಮಗಳು ದಿನಕ್ಕೆರಡು ಸಲ ಹೇಳುತ್ತಿದ್ದಳು. ಹೊಸದು ಬೇಡ ಎನ್ನಲು ನನ್ನ ಹತ್ತಿರ ಕಾರಣವೇನೂ ಇರಲಿಲ್ಲ, ಸುಮ್ಮನೆ ಸಿಟ್ಟು. ನಾನು ಫೋಟೋ ಸ್ಟುಡಿಯೋ ಇಟ್ಟುಕೊಂಡವನು. ಈ ಫೋನುಗಳು ಬಂದು ನನ್ನ ಅರ್ಧ ಕಸುಬನ್ನು ನುಂಗಿ ನೀರು ಕುಡಿದಿವೆ. ಅಂಥದ್ದನ್ನು ನಾನೇ ಹೋಗಿ ಆರಿಸಿ ತರುವುದೆಂದರೆ, ಕದ್ದವನನ್ನು ಕರೆದು ಊಟಕ್ಕೆ ಕೂರಿಸಿದ ಹಾಗೆ.

ಉಳಿದ ಅರ್ಧ ಕಸುಬು ಎಂದರೆ ಪಾಸ್‌ಪೋರ್ಟ್ ಸೈಜಿನ ಫೋಟೋ ಮತ್ತು ತೀರಿಕೊಂಡವರ ದೊಡ್ಡ ಫೋಟೋ. ಮನೆಯಲ್ಲಿ ಒಬ್ಬರು ಹೋದ ಮೇಲೆಯೇ ಜನಕ್ಕೆ ಗೊತ್ತಾಗುವುದು, ಅವರದೊಂದು ನೆಟ್ಟಗಿನ ಫೋಟೋ ಇಲ್ಲವೆಂದು. ಗುಂಪಿನ ಮೂಲೆಯಲ್ಲಿ ನಿಂತದ್ದು, ತುತ್ತು ಬಾಯಿಗಿಡುತ್ತ ಕಣ್ಣು ಮುಚ್ಚಿದ್ದು, ಇಂಥವನ್ನೇ ತರುತ್ತಾರೆ. ನಾನು ಕಂಪ್ಯೂಟರಿನಲ್ಲಿ ಅಕ್ಕಪಕ್ಕದವರನ್ನು ಅಳಿಸಿ, ಕೋಟು ತೊಡಿಸಿ, ಕಣ್ಣು ತೆರೆಸಿ ಕೊಡುತ್ತೇನೆ. ಕಣ್ಣು ತೆರೆಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ, ಇದು ಜಂಬವಲ್ಲ. ಅದೇ ಮನುಷ್ಯನ ಬೇರೊಂದು ಫೋಟೋದಿಂದ ಕಣ್ಣು ತೆಗೆದು ಕೂರಿಸಬೇಕು, ಅದು ನಿಯಮ. ಬೇರೆ ಫೋಟೋ ಇಲ್ಲದಿದ್ದರೆ ತಮ್ಮನದ್ದೋ ಮಗನದ್ದೋ ಕಣ್ಣು ಆಗುತ್ತದೆ. ಮನೆಯವರಿಗೆ ನಾನು ಹೇಳಲು ಹೋಗುವುದಿಲ್ಲ. ಅವರು ಫ್ರೇಮ್ ಹಿಡಿದು, “ಸಾಕ್ಷಾತ್ ಅಪ್ಪನೇ! ಹೀಗೇ ನೋಡ್ತಿದ್ರು ಅಲ್ವಾ?” ಎಂದು ಅಳುತ್ತಾರೆ. ನಾನು “ಹೂಂ, ಹೀಗೇ” ಎನ್ನುತ್ತೇನೆ.

ಮಗಳು ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. “ಅಪ್ಪ ಕಣ್ಣು ಕೂರಿಸ್ತಾನೆ, ನಾನು ಹಲ್ಲು ಕೂರಿಸ್ತೀನಿ. ಮೂಗು ಕೂರಿಸೋ ಅಳಿಯ ಒಬ್ಬ ಸಿಕ್ಕಿಬಿಟ್ರೆ ಪೂರ್ತಿ ಮನುಷ್ಯನೇ ರೆಡಿ” ಎಂದು ಗೆಳತಿಯರ ಮುಂದೆ ನಗುತ್ತಾಳೆ. ಅವಳಿಗೆ ಎರಡೂವರೆ ವರ್ಷವಾಗಿದ್ದಾಗ ನನ್ನ ಹೆಂಡತಿ ತೀರಿಕೊಂಡಳು. ಜ್ವರವೆಂದು ಮಲಗಿದವಳು ಒಂಬತ್ತನೇ ದಿನಕ್ಕೆ ಇರಲಿಲ್ಲ. ಹತ್ತೊಂಬತ್ತು ವರ್ಷವಾಯಿತು. ಮಗಳಿಗೆ ಅಮ್ಮನ ನೆನಪಿಲ್ಲ. ನನಗಿದೆ ಎಂದು ನಾವಿಬ್ಬರೂ ನಂಬಿಕೊಂಡಿದ್ದೆವು.

ಹೆಂಡತಿಯ ಫೋಟೋ ಉಳಿದಿರುವುದು ಒಂದೇ. ಫೋಟೋದವನ ಹೆಂಡತಿಗೆ ಒಂದೇ ಫೋಟೋವೇ ಎಂದು ನಗಬೇಡಿ, ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ಇದ್ದ ಒಂದೆರಡು ಆಲ್ಬಮ್ಮುಗಳೂ, ಸ್ಟುಡಿಯೋದ ಮೇಲಿನ ನೀರಿನ ಪೈಪು ಒಡೆದ ವರ್ಷ ನೆಂದು ಅಂಟಿಕೊಂಡು ಇಟ್ಟಿಗೆಯಾದವು. ಉಳಿದದ್ದರಲ್ಲಿ ಅವಳು ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲಿನ ಮಗುವಿನ ಕಡೆ ತಿರುಗಿದ್ದಾಳೆ. ಕಣ್ಣು ಮುಚ್ಚಿದೆ. ಫ್ಲ್ಯಾಶ್ ಬಿತ್ತೆಂದರೆ ರೆಪ್ಪೆ ಮುಚ್ಚುವುದು ಅವಳ ಹುಟ್ಟುಗುಣ. ಆ ಕಣ್ಣನ್ನು ನಾನು ತೆರೆಸಲು ಹೋಗಿರಲಿಲ್ಲ.

ಸ್ಟುಡಿಯೋ ಇರುವ ಕಟ್ಟಡದ ಕೆಳಗಡೆಯೇ ಫೋನಿನ ಅಂಗಡಿ. ಅದರ ಮಾಲೀಕನನ್ನು ಎಲ್ಲರೂ ಕರೆಯುವುದು ಗ್ಯಾರಂಟಿ ಎಂದೇ, ಮಾತಿಗೊಂದು ಸಲ ಗ್ಯಾರಂಟಿ ಎನ್ನದಿದ್ದರೆ ಅವನಿಗೆ ಉಸಿರು ಕಟ್ಟುತ್ತದೆ. ಶನಿವಾರ ಮಗಳು ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದಳು. ಅವನು ಗಾಜಿನ ಮೇಲೆ ಎರಡು ಫೋನು ಇಟ್ಟ. ಎರಡೂ ಎರಡು ದೊಡ್ಡ ಕಂಪನಿಗಳ ಈ ವರ್ಷದ ಪಟ್ಟದ ಆನೆಗಳಂತೆ. ಒಂದು ಬೂದಿ ಬಣ್ಣದ್ದು, ಇನ್ನೊಂದು ನೀಲಿ.

“ನೋಡಣ್ಣ, ಬೂದಿದು ಇದೆಯಲ್ಲ, ಇದು ಇದ್ದದ್ದನ್ನ ಇದ್ದ ಹಾಗೆ ತೆಗೆಯುತ್ತೆ. ಮೊಡವೆ ಇದ್ರೆ ಮೊಡವೆ, ಸುಕ್ಕಿದ್ರೆ ಸುಕ್ಕು. ಗ್ಯಾರಂಟಿ.”

“ಇನ್ನೊಂದು?”

“ನೀಲಿದು ಇಲ್ಲದ್ದನ್ನೂ ತೆಗೆಯುತ್ತೆ.”

“ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ. ಹಾಗಾದ್ರೆ ಬೂದಿದು ಯಾರೂ ಒಯ್ಯಲ್ಲ ಬಿಡು” ಎಂದೆ.

“ಅಣ್ಣ, ನನ್ನ ಮದುವೆ ಫೋಟೋ ತೆಗೆದವನು ನೀನು. ನಿನ್ನ ಹತ್ರ ವ್ಯಾಪಾರದ ಮಾತು ಬೇಡ. ಎರಡೂ ಡೆಮೊ ಪೀಸು, ಎರಡನ್ನೂ ಮನೆಗೆ ತಗೊಂಡ್ಹೋಗು. ನಾಳೆ ಭಾನುವಾರ ಪೂರ್ತಿ ಆಡಿಸಿ ನೋಡು. ಸೋಮವಾರ ಬೆಳಗ್ಗೆ ಬೇಡದ್ದನ್ನ ತಂದುಕೊಡು. ಆದ್ರೆ ನೀನು ಇಟ್ಕೊಳ್ಳೋದು ಮಾತ್ರ ನೀಲಿದೇ, ಗ್ಯಾರಂಟಿ.”

ಹೊಸ ಲೆನ್ಸನ್ನು ಪರೀಕ್ಷಿಸಲು ನನ್ನದೊಂದು ಪದ್ಧತಿ ಇದೆ. ಹೊಸ ವಸ್ತುವಿನ ಮೇಲೆ ಹೊಸ ಯಂತ್ರವನ್ನು ನೋಡಬಾರದು, ನಾವು ಇಂಚಿಂಚು ಬಲ್ಲ ಹಳೆಯದರ ಮೇಲೆ ನೋಡಬೇಕು, ಆಗ ಸುಳ್ಳು ಸಿಕ್ಕಿಬೀಳುತ್ತದೆ. ಹಾಗಾಗಿ ಭಾನುವಾರ ಬೆಳಗ್ಗೆ ಹಳೆಯ ಫೋನಿನಲ್ಲಿದ್ದ ಫೋಟೋಗಳನ್ನೆಲ್ಲ ಎರಡಕ್ಕೂ ಇಳಿಸಿದೆ. ಸ್ಕ್ಯಾನ್ ಮಾಡಿಟ್ಟಿದ್ದ ಮೆಟ್ಟಿಲಿನ ಫೋಟೋವೂ ಅದರಲ್ಲಿತ್ತು. ಬೂದಿ ಫೋನು ಎಲ್ಲವನ್ನೂ ಇದ್ದಂತೆಯೇ ನುಂಗಿ ಸುಮ್ಮನಾಯಿತು. ನೀಲಿಯದು ಇನ್ನೂ ಏನೇನೋ ವಿಂಗಡಿಸುತ್ತ ಚಕ್ರ ತಿರುಗಿಸುತ್ತಿತ್ತು. ಅಷ್ಟರಲ್ಲಿ ಗಡ್ಡ ಹೆರೆದುಕೊಂಡು ಬರೋಣವೆಂದು ನಾನು ಬಚ್ಚಲಿಗೆ ಹೋದೆ.

ಅರ್ಧ ಗಡ್ಡವಾಗಿತ್ತು. “ಅಪ್ಪಾ” ಎಂದು ಮಗಳು ಕರೆದಳು. ಕೂಗಲಿಲ್ಲ, ಮೆಲ್ಲಗೆ ಕರೆದಳು. ಅದಕ್ಕೇ ನಾನು ನೊರೆ ಒರೆಸದೆ ಓಡಿದೆ.

ಅವಳು ನೀಲಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದಳು. “ಕಣ್ಣು ಮುಚ್ಚಿದೆ, ಸರಿಪಡಿಸಲೇ ಅಂತ ಕೇಳ್ತು. ಹೂಂ ಅಂತ ಒತ್ತಿದೆ” ಎಂದಳು. ಪರದೆಯಲ್ಲಿ ಅದೇ ಮೆಟ್ಟಿಲು, ಅದೇ ಸೀರೆ, ತೊಡೆಯ ಮೇಲೆ ಅದೇ ಮಗು. ಹತ್ತೊಂಬತ್ತು ವರ್ಷ ಮುಚ್ಚಿದ್ದ ಕಣ್ಣು ತೆರೆದಿತ್ತು. ನನ್ನ ಹೆಂಡತಿ ಮಗುವನ್ನು ನೋಡುತ್ತಿದ್ದಳು.

ಕುರ್ಚಿ ಹಿಡಿದು ಕೂತೆ. ಭಯವಾಯಿತು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹಗಲು ಹನ್ನೊಂದು ಗಂಟೆ, ಕಿಟಕಿಯಲ್ಲಿ ಬಿಸಿಲು, ಪಕ್ಕದ ಮನೆಯ ಮಿಕ್ಸಿ ಗುರ್ರೆನ್ನುತ್ತಿತ್ತು. ಆದರೂ ಬೆನ್ನು ತಣ್ಣಗಾಯಿತು.

ಮಗಳ ಕಣ್ಣಲ್ಲಿ ನೀರಿತ್ತು. ತುಂಬ ಹೊತ್ತು ನೋಡಿದಳು. ಎರಡು ಬೆರಳಿಂದ ಹಿಗ್ಗಿಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ಅಪ್ಪ, ಅಮ್ಮ ಹೀಗೇ ನೋಡ್ತಿದ್ಲಾ ನನ್ನ?” ಎಂದಳು.

“ಹೂಂ, ಹೀಗೇ” ಎಂದೆ.

ಯೋಚಿಸಿ ಹೇಳಿದ ಮಾತಲ್ಲ. ಮೂವತ್ತು ವರ್ಷ ಕೌಂಟರಿನ ಹಿಂದೆ ನಿಂತು ಹೇಳಿದ ಮಾತು, ನಾಲಿಗೆಯೇ ಹೇಳಿಬಿಟ್ಟಿತು. ಅವಳು ಮತ್ತೇನೂ ಕೇಳದೆ ಎದ್ದು ಬಟ್ಟೆ ಒಗೆಯಲು ಹೋದಳು.

ಅವಳು ಅತ್ತ ಹೋದ ಮೇಲೆ ನಾನು ಕನ್ನಡಕ ಹಾಕಿಕೊಂಡು ಕೂತೆ. ಕೈಚಳಕ ಯಾರದ್ದೇ ಆಗಲಿ, ಹೊಲಿಗೆ ಎಲ್ಲಿದೆ ಎಂದು ಹುಡುಕದಿದ್ದರೆ ನನಗೆ ಸಮಾಧಾನವಿಲ್ಲ. ರೆಪ್ಪೆ ಸರಿ, ನೆರಳು ಸರಿ, ಹೊಲಿಗೆಯೇ ಇಲ್ಲ. ಆದರೆ ಎಡಗಣ್ಣಿನ ಬಿಳಿಯಲ್ಲಿ ಎಳ್ಳುಕಾಳಿನಷ್ಟು ಕಂದು ಮಚ್ಚೆ. ಆ ಮಚ್ಚೆ ನನ್ನ ಹೆಂಡತಿಗೆ ಇರಲಿಲ್ಲ. ಅದಿರುವುದು ನನ್ನ ಮಗಳಿಗೆ.

ಫೋನನ್ನು ತಡಕಾಡಿದೆ. ಅದು ಮುಖಗಳನ್ನು ವಿಂಗಡಿಸಿ ಒಬ್ಬೊಬ್ಬರಿಗೂ ಒಂದೊಂದು ದುಂಡನೆಯ ಚಿತ್ರ ಮಾಡಿಟ್ಟಿತ್ತು. ನನ್ನದೊಂದು, ಗ್ಯಾರಂಟಿಯದೊಂದು. ಇನ್ನೊಂದರ ಮೇಲೆ ನನ್ನ ಹೆಂಡತಿಯ ಮುಖ, ಒತ್ತಿದರೆ ಒಳಗೆಲ್ಲ ಮಗಳ ಫೋಟೋಗಳು. ಇಪ್ಪತ್ತಾರಕ್ಕೆ ಹೋದ ತಾಯಿ, ಇಪ್ಪತ್ತೆರಡರ ಮಗಳು. ಯಂತ್ರ ಇಬ್ಬರನ್ನೂ ಒಬ್ಬಳೇ ಎಂದುಕೊಂಡು, ಮಗಳ ಕಣ್ಣನ್ನು ಕಿತ್ತು ತಾಯಿಗೆ ಇಟ್ಟಿತ್ತು. ನಾನು ಮಾಡುವುದೂ ಅದನ್ನೇ. ಮಾಡಿದ್ದುಣ್ಣೋ ಮಹಾರಾಯ.

ಆಗ ಒಬ್ಬ ಹೆಂಗಸು ನೆನಪಾದರು. ಎರಡು ಬೀದಿ ಆಚೆ ಅವರ ಮನೆ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು, ಮಕ್ಕಳಿಲ್ಲ, ಅಣ್ಣತಮ್ಮಂದಿರಿಲ್ಲ, ಇದ್ದ ಒಂದೇ ಫೋಟೋದಲ್ಲಿ ತಲೆ ತಗ್ಗಿಸಿ ನಟ್ಟು ಬಿಗಿಯುತ್ತಿದ್ದರು. ಎಲ್ಲಿಂದಲೂ ಕಣ್ಣು ಸಿಗದೆ ನಾನು ಕನ್ನಡಿಯ ಮುಂದೆ ನಿಂತು ನನ್ನ ಕಣ್ಣನ್ನೇ ತೆಗೆದು ಕೂರಿಸಿದ್ದೆ. ತಿಂಗಳ ಮೇಲೆ ಆಕೆ ಮೆಟ್ಟಿಲೇರಿ ಬಂದು, “ಬದುಕಿದ್ದಾಗ ಒಂದಿನಾನೂ ನನ್ನ ಕಡೆ ನೆಟ್ಟಗೆ ನೋಡಿದವರಲ್ಲ. ಈಗ ನಾನು ಎಲ್ಲಿ ಹೋದ್ರೂ ಬಿಡದೆ ನೋಡ್ತಾರೆ. ಅಡುಗೆಮನೆಗೆ ಹೋದ್ರೂ ನೋಡ್ತಾರೆ. ಏನಾದ್ರೂ ಹೇಳಬೇಕು ಅಂತಿದಾರಾ ಅಂತ” ಎಂದಿದ್ದರು. ಒಳ್ಳೆ ಪ್ರಿಂಟು ಹಾಗೇ ಇರುತ್ತಮ್ಮ ಎಂದು ಕಳಿಸಿದ್ದೆ. ಅಂದಿನಿಂದ ಆ ಬೀದಿಯಲ್ಲಿ ನಾನು ಓಡಾಡುವುದಿಲ್ಲ.

ಭಾನುವಾರ ಮಧ್ಯಾಹ್ನ ಪೂರ್ತಿ ನೀಲಿ ಫೋನು ಸಕ್ಕರೆ ಡಬ್ಬಿಗೆ ಒರಗಿ ನಿಂತೇ ಇತ್ತು. ಪರದೆ ಆರಿದರೂ ಅದು ನೋಡುತ್ತಿದೆ ಅನ್ನಿಸಿತು. ಊಟಕ್ಕೆ ಕೂತಾಗ ಮಗುಚಿ ಹಾಕಿದೆ. ಕೈ ತೊಳೆದು ಬರುವಷ್ಟರಲ್ಲಿ ಅದು ಮತ್ತೆ ನಿಂತಿತ್ತು. ಮಗಳು ನಿಲ್ಲಿಸಿರಬೇಕು, ಅವಳನ್ನು ಕೇಳಲಿಲ್ಲ. ಸಂಜೆ ಅವಳು ಬಟ್ಟೆ ಮಡಚುತ್ತ ತಲೆಯೆತ್ತಿದಾಗ ನನ್ನ ಹೆಂಡತಿಯೇ ಮಡಚುತ್ತಿದ್ದಾಳೆಂದು ಒಂದು ಗಳಿಗೆ ಅನ್ನಿಸಿತು. ಒಂದೇ ಜೊತೆ ಕಣ್ಣು ಎರಡು ಕಡೆಯಿಂದ ನನ್ನನ್ನು ನೋಡುತ್ತಿತ್ತು.

ಇಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಸೋಮವಾರ ಬೆಳಗ್ಗೆ ಬೇಗ ಸ್ಟುಡಿಯೋಗೆ ಹೋಗಿ, ರಾತ್ರಿಯೇ ಪೆನ್‌ಡ್ರೈವಿಗೆ ಇಳಿಸಿಕೊಂಡಿದ್ದ ಆ ಫೋಟೋವನ್ನು ಕಂಪ್ಯೂಟರಿಗೆ ಹಾಕಿ, ತಪ್ಪು ಕಣ್ಣನ್ನು ತೆಗೆದು ಅವಳ ನಿಜವಾದ ಕಣ್ಣನ್ನು ನಾನೇ ಬರೆಯೋಣವೆಂದು ಕೂತೆ. ನಾಲ್ಕು ವರ್ಷ ಸಂಸಾರ ಮಾಡಿದ ಹೆಂಗಸಿನ ಕಣ್ಣು ಬರೆಯಲು ಬಾರದೇ? ಕಣ್ಣು ಮುಚ್ಚಿ ಅವಳನ್ನು ನೆನೆದೆ. ಹಣೆ ಬಂತು, ಮೂಗು ಬಂತು. ಕಣ್ಣಿನ ಜಾಗಕ್ಕೆ ಬಂದರೆ ಎಳ್ಳುಕಾಳಿನ ಮಚ್ಚೆ. ಮತ್ತೆ ನೆನೆದೆ, ಮತ್ತೆ ಅದೇ ಮಚ್ಚೆ. ನಿಜವಾದದ್ದು ಎಲ್ಲಿತ್ತೋ ಅಲ್ಲಿ ಬಾಡಿಗೆಯವರು ಬಂದು ಕೂತಿದ್ದರು. ನಿನ್ನೆ ಬಂದವರೋ, ಮೊದಲಿಂದ ಅಲ್ಲೇ ಇದ್ದವರೋ, ಅದೂ ಗೊತ್ತಾಗಲಿಲ್ಲ. ಮೌಸನ್ನು ಪಕ್ಕಕ್ಕೆ ಸರಿಸಿದೆ. ನಾನು ಅತ್ತೆ.

ಮಗಳು ಲ್ಯಾಬಿಗೆ ಹೋಗುವ ದಾರಿಯಲ್ಲಿ ಮೆಟ್ಟಿಲೇರಿ ಬಂದಳು. ಎರಡು ಫೋನಿನ ಡಬ್ಬಿಗಳೂ ಅವಳ ಚೀಲದಲ್ಲಿದ್ದವು.

“ಕೆಳಗೆ ಗ್ಯಾರಂಟಿ ಮಾಮ ಶಟರ್ ಎತ್ತಿದಾರೆ. ಯಾವುದು ವಾಪಸ್ಸು?”

ನಾನು ಸುಳ್ಳು ಹೇಳಬಹುದಿತ್ತು. ನೀಲಿಯದನ್ನು ಇಟ್ಟುಕೊಂಡು, ದೊಡ್ಡ ಪ್ರಿಂಟು ತೆಗೆದು, ಫ್ರೇಮ್ ಹಾಕಿಸಿ ಅವಳ ಕೈಗಿಟ್ಟಿದ್ದರೆ ಅವಳಿಗೊಬ್ಬಳು ತಾಯಿ ಸಿಗುತ್ತಿದ್ದಳು. ಎಷ್ಟೋ ಮನೆಗಳಿಗೆ ಕೊಟ್ಟಿದ್ದೇನೆ. ಆದರೆ ಮೆಕ್ಯಾನಿಕ್ಕಿನ ಹೆಂಡತಿಯಂತೆ ನನ್ನ ಮಗಳು ಆ ಕಣ್ಣಿಗೆ ಹೆದರಿ ಮನೆಯೊಳಗೆ ಓಡಾಡುವುದು ನನ್ನ ಕಣ್ಣಮುಂದೆ ಬಂತು.

“ಅದು ಅಮ್ಮನ ಕಣ್ಣಲ್ಲ ಕಣೇ. ನಿಂದು” ಎಂದೆ.

“ಗೊತ್ತು.”

“ಗೊತ್ತಾ?”

“ನನ್ನ ಮಚ್ಚೆ ನಂಗೆ ಗೊತ್ತಾಗಲ್ವಾ? ದಿನಾ ಕನ್ನಡೀಲಿ ನೋಡ್ತೀನಲ್ಲ. ಮೊದಲು ಒಂದು ನಿಮಿಷ ಅಮ್ಮನೇ ಅನ್ನಿಸ್ತು. ದೊಡ್ಡದು ಮಾಡಿದಾಗ ಮಚ್ಚೆ ಕಾಣಿಸ್ತು. ಆಮೇಲೇ ನಿನ್ನ ಕೇಳಿದ್ದು.”

ನನ್ನ ಮುಖ ಎಲ್ಲಿಡಲಿ ಎಂದು ತಿಳಿಯಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನಂತೆ ಸುಮ್ಮಸುಮ್ಮನೆ ಟೇಬಲ್ ಒರೆಸಿದೆ. “ಅಭ್ಯಾಸ ಕಣಮ್ಮ. ಬಾಯಿಗೆ ಬಂದುಬಿಡ್ತು” ಎಂದೆ.

“ಸರಿ, ಅಮ್ಮನ ಕಣ್ಣು ಹೇಗಿತ್ತು?”

“ನೆನಪಿಲ್ಲ” ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು.

ಅವಳು ಬೈಯುತ್ತಾಳೆಂದುಕೊಂಡೆ, ಬೈಯಲಿಲ್ಲ. ನೀಲಿ ಫೋನಿನಿಂದ ಆ ಫೋಟೋವನ್ನು ತಾನೇ ಅಳಿಸಿ, ಫೋನನ್ನು ಡಬ್ಬಿಗೆ ಹಾಕಿ ಮುಚ್ಚಿ ಪಕ್ಕಕ್ಕಿಟ್ಟಳು. ಬೂದಿಯದನ್ನು ತೆಗೆದು ನನ್ನ ಮುಂದಿಟ್ಟಳು. ಅದರಲ್ಲಿ ನನ್ನ ಹೆಂಡತಿ ಕಣ್ಣು ಮುಚ್ಚಿ ಮೆಟ್ಟಿಲ ಮೇಲೆ ಕೂತಿದ್ದಳು. ಮಗಳು ಗಿರಾಕಿಗಳು ಕೂರುವ ಸ್ಟೂಲನ್ನು ಎಳೆದುಕೊಂಡು ನನ್ನೆದುರು ಕೂತಳು.

“ಅಪ್ಪ, ಚಿಕ್ಕವಳಿದ್ದಾಗ ನಾನು ಅತ್ತಾಗೆಲ್ಲ ಅಮ್ಮನ ವಿಷಯ ಹೇಳ್ತಿದ್ದೆಯಲ್ಲ. ಅಮ್ಮ ತಾರಸಿ ಮೇಲೆ ಬಟ್ಟೆ ಹರಡ್ತಾ ನನಗೆ ಹಾಡು ಕಟ್ಟಿ ಹಾಡ್ತಿದ್ದಿದ್ದು, ಆಸ್ಪತ್ರೆಗೆ ಹೋಗೋವಾಗ ನನ್ನ ಪಾದಕ್ಕೆ ಮುತ್ತು ಕೊಟ್ಟು ಬೇಗ ಬರ್ತೀನಿ ಅಂದಿದ್ದು. ಅದೆಲ್ಲ ಅಮ್ಮನದೇನಾ? ಇಲ್ಲ ನೀನು ಕೂರಿಸಿದ್ದಾ?”

ನಾನು ಒರೆಸಿದ್ದ ಟೇಬಲನ್ನೇ ಮತ್ತೊಮ್ಮೆ ಒರೆಸಿದೆ.

“ಪರವಾಗಿಲ್ಲ, ಕೋಪ ಇಲ್ಲ ನಂಗೆ. ಗ್ಯಾರಂಟಿಯಾಗಿ ಗೊತ್ತಿರೋದು ಮಾತ್ರ ಹೇಳು. ಎಷ್ಟಿದ್ರೆ ಅಷ್ಟು. ಲ್ಯಾಬಿಗೆ ತಡವಾದ್ರೂ ಆಗಲಿ.”

ಅವಳು ಕೈಕಟ್ಟಿ ಕಾಯುತ್ತ ಕೂತಳು. ನಾನು, “ಫ್ಲ್ಯಾಶ್ ಬಿದ್ರೆ ಕಣ್ಣು ಮುಚ್ಚಿಬಿಡ್ತಿದ್ಲು” ಎಂದೆ.

“ಅದು ಫೋಟೋದಲ್ಲೇ ಇದೆ. ಆಮೇಲೆ?”

ಪಾದಕ್ಕೆ ಮುತ್ತು ಕೊಟ್ಟದ್ದನ್ನು ಹೇಳಲು ಬಾಯಿ ತೆರೆದೆ. ಆ ಬಾಗಿಲು, ಆ ಆಟೋ, ಬಗ್ಗಿದ ಅವಳ ಬೆನ್ನು ಎಲ್ಲವೂ ಕಣ್ಣಿಗೆ ಕಟ್ಟಿದಂತಿತ್ತು. ಅದು ನಡೆದದ್ದೋ, ಅಳುವ ಮಗುವಿನ ಬಾಯಿ ಮುಚ್ಚಿಸಲು ನಾನೇ ಕೂರಿಸಿದ್ದೋ, ನನಗೆ ತಿಳಿಯಲಿಲ್ಲ.