ಪಕ್ಕದ ಮಂಚದ ಅಜ್ಜಿ

ಹಾಲಿನ ಕುರಿಗಳನ್ನು ಸಾಕಿಕೊಂಡಿದ್ದ ಆ ಅಕ್ಕ ತಮ್ಮಂದಿರಲ್ಲಿ ಮಾತೆಲ್ಲ ತಮ್ಮನದು, ಕೆಲಸವೆಲ್ಲ ಅಕ್ಕನದು. ತಮ್ಮ ಏಣಿಯಿಂದ ಬಿದ್ದು, ಮಂಡಿಚಿಪ್ಪು ಒಡೆದುಕೊಂಡು ಆಸ್ಪತ್ರೆ ಸೇರಿದ ಮೇಲೆ ಅಕ್ಕ ಬೆಳಿಗ್ಗೆ ಹಾಲು ಕರೆದು, ಹಗಲೆಲ್ಲ ಅವನ ಪಕ್ಕ ಕೂರತೊಡಗಿದಳು.

ಅದೇ ಹೊತ್ತಿಗೆ ಮಂದೆಯ ಕರಿಮೂತಿ ಕುರಿಗೆ ಕೆಚ್ಚಲುಬಾವು ಬಂತು. ಮೊದಲು ಕೆಚ್ಚಲು ಕಾದ ಹೆಂಚಿನಂತೆ ಸುಡುತ್ತಿತ್ತು; ಆಮೇಲೆ ನೀಲಿಗಟ್ಟಿ ತಣ್ಣಗಾಯಿತು. ಹಿಂಡಿದರೆ ಹಾಲಲ್ಲ, ಕೆಂಪು ನೀರು. ಪಶುವೈದ್ಯ ಬಂದು ಪರೀಕ್ಷೆಗೆ ಅದನ್ನೇ ಒಯ್ದ. ಕುರಿ ಸತ್ತ ದಿನವೂ ಅಕ್ಕ ಕೈ ತೊಳೆದುಕೊಂಡು ಆಸ್ಪತ್ರೆಗೆ ಹೋದಳು.

ಆ ಸಣ್ಣ ಆಸ್ಪತ್ರೆಯಲ್ಲಿ ಗಂಡಸು ಹೆಂಗಸರಿಗೆ ಒಂದೇ ವಾರ್ಡು. ತಮ್ಮನ ಪಕ್ಕದ ಮಂಚದಲ್ಲಿ ಸೊಂಟದ ಆಪರೇಷನ್ ಆದ ಅಜ್ಜಿಯೊಬ್ಬಳಿದ್ದಳು. ಮಗಳು ದೂರದೂರಿನಲ್ಲಿ. "ಬಾರಮ್ಮ ಇಲ್ಲಿ, ನಿನ್ನ ತಮ್ಮ ಎಲ್ಲಿಗೂ ಓಡಿಹೋಗಲ್ಲ" ಎಂದು ಕರೆದು ತಲೆ ಬಾಚಿಸಿಕೊಳ್ಳುತ್ತಿದ್ದಳು. ಅಕ್ಕ ಅವಳ ಬೆನ್ನು ಒರೆಸಿದಳು, ಗಾಯದ ಮೇಲೆ ಬಿಟ್ಟುಕೊಂಡಿದ್ದ ಪಟ್ಟಿಯನ್ನು ಬೆರಳಿನಿಂದ ಒತ್ತಿ ಅಂಟಿಸಿದಳು.

ತಮ್ಮನ ಮಂಡಿಯ ಆಪರೇಷನ್ ಗಾಯದಲ್ಲಿ ಕೀವು ಕಟ್ಟಿತು. ಅಜ್ಜಿಗೆ ಜ್ವರ ಏರಿತು. ಅಜ್ಜಿ ಉಳಿಯಲಿಲ್ಲ.

ಮನೆಯಲ್ಲಿ ಕುರಿಗಳಿವೆಯೆಂದು ಕೇಳಿ ಡಾಕ್ಟರಮ್ಮ ಪಶುವೈದ್ಯನ ವರದಿ ತರಿಸಿಕೊಂಡಳು; ಅಕ್ಕನ ಮೂಗನ್ನೂ ಹತ್ತಿಯಿಂದ ಒರೆಸಿ ಪರೀಕ್ಷೆಗೆ ಕಳಿಸಿದಳು.

"ಕುರಿ ಕೆಚ್ಚಲಲ್ಲಿ, ತಮ್ಮನ ಗಾಯದಲ್ಲಿ, ನಿಮ್ಮ ಮೂಗಲ್ಲಿ, ಮೂರೂ ಕಡೆ ಒಂದೇ ಸ್ಟ್ಯಾಫ್ ರೋಗಾಣು. ನಿಮಗೇನೂ ಮಾಡಲ್ಲ ಅದು, ಸುಮ್ಮನೆ ಕೂತಿರುತ್ತೆ; ಕೈಯಿಂದ ಬೇರೆಯವರ ಗಾಯಕ್ಕೆ ದಾಟಬಹುದು."

"ಅಜ್ಜಿಗೆ?"

"ಅವರಿಂದ ಪರೀಕ್ಷೆಗೆ ತೆಗೆದ ಮಾದರಿ ಕೆಟ್ಟುಹೋಗಿತ್ತು. ವಾರ್ಡಿನಲ್ಲಿ ಇದು ಹರಡೋಕೆ ಬೇರೆ ದಾರಿಗಳೂ ಇವೆ. ಹೇಳೋಕಾಗಲ್ಲ."

ಮೂಗಿಗೆ ಮುಲಾಮು, ಮೈಗೆ ಔಷಧದ ಸೋಪು. ಕೆಲವು ವಾರಗಳಲ್ಲಿ ಅಕ್ಕನ ಮೂಗಿನಲ್ಲಿ ಏನೂ ಇಲ್ಲವೆಂದಾಯಿತು. ತಮ್ಮನೂ ಬಗ್ಗದ ಕಾಲೆಳೆದುಕೊಂಡು ಮನೆಗೆ ಬಂದ. "ಇನ್ಮೇಲೆ ಕೆಲಸ ಹೇಳ್ಬೇಡ, ಡಾಕ್ಟರೇ ಬೇಡ ಅಂದಿದಾರೆ" ಎಂದು ನಕ್ಕ. ಅಕ್ಕ ನಗಲಿಲ್ಲ. ಪಕ್ಕದ ಮನೆಯ ಕೂಸು ಕೈಚಾಚಿದರೆ ಹಿಂದೆ ಸರಿಯುತ್ತಿದ್ದಳು. ಹಾಲು ಕರೆಯುವಾಗ ಬೆನ್ನ ಹಿಂದೆ "ಬಾರಮ್ಮ" ಎಂದಂತಾಗುತ್ತಿತ್ತು. ತಿರುಗಿದರೆ ಮೆಲುಕುಹಾಕುವ ಕುರಿಗಳು ಅಷ್ಟೆ.

ಒಂದು ಮಧ್ಯಾಹ್ನ ಅಜ್ಜಿಯ ಮಗಳು ಮನೆ ಹುಡುಕಿಕೊಂಡು ದೊಡ್ಡಿಯ ಬಾಗಿಲಿಗೇ ಬಂದಳು.

"ಅಮ್ಮ ಫೋನಲ್ಲಿ ನಿಮ್ಮ ವಿಷಯಾನೇ ಹೇಳ್ತಿದ್ರು. ನಾನಿಲ್ಲದ ಹೊತ್ತಲ್ಲಿ ಮಗಳ ಹಾಗೆ ನೋಡ್ಕೊಂಡ್ರಿ" ಎಂದವಳೇ, ಅಕ್ಕ ಕೈ ಬಚ್ಚಿಡುವಷ್ಟರಲ್ಲಿ ಅವೆರಡನ್ನೂ ಹಿಡಿದುಕೊಂಡಳು.

ಅಕ್ಕ ಎಲ್ಲವನ್ನೂ ಹೇಳಿಬಿಟ್ಟಳು.

"ಹಾಗಾದ್ರೆ ಅಮ್ಮನಿಗೆ ನಿಮ್ಮಿಂದಾನಾ?"

"ಗೊತ್ತಿಲ್ಲಮ್ಮ. ಇನ್ನು ಗೊತ್ತಾಗೋದೂ ಇಲ್ಲ."

ಮಗಳ ಬೆರಳುಗಳು ಸಡಿಲವಾದವು. ಕೈ ಬಿಟ್ಟು ಕುರಿಗಳ ಕಡೆ ತಿರುಗಿದಳು.

"ಬೇಕಂತ ಮಾಡಿದ್ದಲ್ಲ ಬಿಡಿ" ಎಂದಳು. ದನಿಯಲ್ಲಿ ಕೋಪವಿರಲಿಲ್ಲ.

ಅವಳು ಬೀದಿಯ ತಿರುವಿನವರೆಗೆ ಹೋಗುವುದನ್ನು ಅಕ್ಕ ನೋಡುತ್ತಲೇ ಇದ್ದಳು. ನಡೆಯುತ್ತ ನಡೆಯುತ್ತ ಆಕೆ ಎರಡೂ ಅಂಗೈಗಳನ್ನು ಬಟ್ಟೆಗೆ ಉಜ್ಜಿಕೊಳ್ಳುತ್ತಿದ್ದಳು. ತಿಳಿದು ಮಾಡಿದಳೋ, ತಿಳಿಯದೆಯೋ.